ನೀವು ಮಾಲು ಕೊಡುವ ಕಂಪನಿಯ ದಾಖಲೆಯಲ್ಲಿ ನಿಮ್ಮ ಖಾತೆ ನಂಬರ್ ಯಾವುದು? ಇವತ್ತೇ ಕೇಳಿ

ಕಂಪನಿಗಳಿಗೆ ಮಾಲು ಕೊಡುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಅದರಲ್ಲೂ ನಮ್ಮ ಕಾಸರಗೋಡು ಕಡೆಯಿಂದ ತಲಪಾಡಿ ದಾಟಿಸಿ ಮಂಗಳೂರಿಗೆ ಮಾಲು ಕಳಿಸುವ ಸಣ್ಣ ಮಿಲ್ಲಿನವರು ಓದಲೇಬೇಕು. ನನ್ನ ಮೂರು ಬಿಲ್ಲುಗಳ ದುಡ್ಡು ಯಾವನೋ ಕಳ್ಳನ ಖಾತೆಗೆ ಹೋಗಿದೆ. ಹಾಕಿದ್ದು ಕಂಪನಿಯವರೇ. ಕೇಳಿದರೆ "ನಾವು ಕೊಟ್ಟಾಗಿದೆ" ಅನ್ನುತ್ತಾರೆ.

ಕೊಟ್ಟಾಗಿದೆಯಂತೆ. ಯಾರಿಗೆ ಕೊಟ್ಟದ್ದು ಮಾರಾಯ್ರೇ?

ನಮ್ಮದು ಬದಿಯಡ್ಕದ ಹತ್ತಿರ ತೆಂಗಿನೆಣ್ಣೆಯ ಸಣ್ಣ ಮಿಲ್ಲು. ಮಂಗಳೂರಿನಲ್ಲಿ ಚಿಪ್ಸ್, ಚಕ್ಕುಲಿ ಮಾಡಿ ಪ್ಯಾಕೆಟ್ ಮಾರುವ ಒಂದು ಕಂಪನಿಗೆ ಕೆಲವು ವರ್ಷಗಳಿಂದ ಎಣ್ಣೆ ಕೊಡುತ್ತಿದ್ದೇನೆ. ಕಂಪನಿಯ ಹೆಸರು ಇಲ್ಲಿ ಬರೆಯುವುದಿಲ್ಲ, ದೂರು ನಡೆಯುತ್ತಾ ಇದೆ. ಮಾಲಿನ ಬಗ್ಗೆ ಅವರಿಂದ ಒಂದು ದಿನವೂ ಮಾತು ಬಂದಿಲ್ಲ. ದುಡ್ಡು ಸ್ವಲ್ಪ ತಡವಾದರೂ ಬರುತ್ತಿತ್ತು.

ಇಂಥ ಕಂಪನಿಗೆ ಸೇರುವಾಗ ಏನೇನು ಕೇಳುತ್ತಾರೆ ಎಂದು ನಿಮಗೂ ಗೊತ್ತಲ್ವಾ? ವೆಂಡರ್ ಫಾರ್ಮ್, ಪಾನ್, ಜಿಎಸ್‌ಟಿ ಸರ್ಟಿಫಿಕೇಟ್, ಸಣ್ಣ ಉದ್ಯಮ ಎಂದು ತೋರಿಸುವ ಉದ್ಯಮ್ ಸರ್ಟಿಫಿಕೇಟ್, ನಮ್ಮಂಥ ಎಣ್ಣೆಯವರಾದರೆ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್, ಕ್ಯಾನ್ಸಲ್ ಮಾಡಿದ ಚೆಕ್ಕು. ಎಲ್ಲ ಕೊಟ್ಟೆ. ಎಲ್ಲದರಲ್ಲೂ ಕಾಸರಗೋಡು ಜಿಲ್ಲೆ, ಕೇರಳ ಎಂದೇ ಇದೆ. ಇವರು ಕಂಪ್ಯೂಟರಿಗೆ ಏರಿಸುವಾಗ ಮಾತ್ರ ದಕ್ಷಿಣ ಕನ್ನಡ, ಕರ್ನಾಟಕ ಎಂದು ಹಾಕಿದರು. ಫೋನು ಮಾಡಿ ಕೇಳಿದರೆ ಅಲ್ಲಿನ ಹುಡುಗ, "ಬದಿಯಡ್ಕ ಅಂದ್ರೆ ಪುತ್ತೂರು ಹತ್ತಿರ ಅಲ್ವಾ ಮೇಡಂ? ನೀವು ಕನ್ನಡ ಮಾತಾಡ್ತೀರಲ್ಲ?" ಎಂದ. ಇಲ್ಲಿಯವರಿಗೆ ಈ ಮಾತು ಹೊಸತಲ್ಲ, ನಕ್ಕು ಸುಮ್ಮನಾಗುತ್ತೇವೆ. ಆದರೆ ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ ನೋಡಿದರೆ ಸಾಕಿತ್ತು. ಕೇರಳಕ್ಕೆ 32, ಕರ್ನಾಟಕಕ್ಕೆ 29. ನಂಬರ್ 32ರದ್ದು, ಪಿನ್ ಕೋಡ್ 671ರದ್ದು, ರಾಜ್ಯ ಮಾತ್ರ ಕರ್ನಾಟಕ! ಇದರಿಂದ ನಾನು ಐಜಿಎಸ್‌ಟಿ (ಬೇರೆ ರಾಜ್ಯಕ್ಕೆ ಮಾರುವಾಗ ಹಾಕುವ ಜಿಎಸ್‌ಟಿ) ಹಾಕಿದ ಬಿಲ್ಲು ಅವರ ಸಿಸ್ಟಂನಲ್ಲಿ ಕೂರುತ್ತಿರಲಿಲ್ಲ. ಬಿಲ್ಲು ವಾಪಸ್, ಮತ್ತೆ ಫೋನು, ಮತ್ತೆ ವಿವರಣೆ.

ಅದನ್ನು ಸರಿ ಮಾಡಿ ಎಂದು ಎಷ್ಟೋ ಸಲ ಬರೆದೆ. ಪ್ರತಿ ಸಲ ಒಂದೇ ಉತ್ತರ. "ಅದಕ್ಕೆ ಪ್ರೊಸೀಜರ್ ಉಂಟು ಮೇಡಂ." ಲೆಟರ್‌ಹೆಡ್ಡಿನಲ್ಲಿ ಅರ್ಜಿ, ಸಹಿ, ಸೀಲು, ಒರಿಜಿನಲ್ ಕೊರಿಯರಿನಲ್ಲಿ. ಕಳಿಸಿದೆ. ಆಮೇಲೆ "ಅಪ್ರೂವಲ್‌ಗೆ ಹೋಗಿದೆ." ಅಲ್ಲಿಗೆ ಹೋದದ್ದು ವಾಪಸ್ ಬರಲೇ ಇಲ್ಲ.

ಇದಕ್ಕಿಂತ ಮೊದಲು ಬ್ಯಾಂಕಿನದ್ದೂ ಒಂದು ಕಥೆ ಇತ್ತು. ನನ್ನ ಖಾತೆ ಇದ್ದದ್ದು ಸಿಂಡಿಕೇಟ್ ಬ್ಯಾಂಕಿನಲ್ಲಿ. ಅದು 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕಿಗೆ ಸೇರಿತು. ಹಳೇ ಐಎಫ್‌ಎಸ್‌ಸಿ (ಬ್ಯಾಂಕ್ ಶಾಖೆಯ ಕೋಡ್) 2021ರ ಜೂನ್ 30ರವರೆಗೆ ಮಾತ್ರ ನಡೆಯುತ್ತದೆ ಎಂದು ಬ್ಯಾಂಕಿನವರು ಊರಿಗೆಲ್ಲ ಹೇಳಿದ್ದರು. ನಾನು ಮುಂಚೆಯೇ ಹೊಸ ಕೋಡ್ ಬರೆದು ಕಳಿಸಿದ್ದೆ. ಆದರೂ ಜುಲೈನಲ್ಲಿ ಹಳೆಯದಕ್ಕೇ ದುಡ್ಡು ಹಾಕಿ, ಅದು ವಾಪಸ್ ಹೋದ ಮೇಲೆ ಇವರಿಗೆ ಎಚ್ಚರ ಆಯಿತು. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಎಂದರೆ, ನಾನು ಕೇಳಿದರೆ ಒಂದು ಅಕ್ಷರ ಬದಲಾಯಿಸಲಿಕ್ಕೆ ಇವರಿಗೆ ತಿಂಗಳುಗಟ್ಟಲೆ ಬೇಕು. ಕಳ್ಳ ಕೇಳಿದಾಗ ಎಷ್ಟು ಹೊತ್ತು ಬೇಕಾಯಿತು ಎಂದು ಮುಂದೆ ಹೇಳುತ್ತೇನೆ.

2025ರ ಏಪ್ರಿಲ್. ಹೊಸ ಲೆಕ್ಕದ ವರ್ಷ. ಕಂಪನಿಯಿಂದ ಮೇಲ್ ಬಂತು, ಎಲ್ಲ ಸಪ್ಲೈಯರ್‌ಗಳು ತಮ್ಮ ವಿವರ ನೋಡಿ ಸರಿ ಇದೆಯೇ ತಿಳಿಸಿ ಎಂದು. ಜೊತೆಗೆ ಒಂದು ಎಕ್ಸೆಲ್ ಶೀಟು. ತೆರೆದು ನೋಡಿದರೆ ನನ್ನದೊಂದೇ ಅಲ್ಲ, ಎಲ್ಲರದ್ದೂ ಅದರಲ್ಲೇ! ಹೆಸರು, ವಿಳಾಸ, ಫೋನು, ಪಾನ್, ಬ್ಯಾಂಕು, ಬರಬೇಕಾದ ಬಾಕಿ ಎಷ್ಟು ಎಂದು ಕೂಡ. ಆ ಮೇಲ್ ಎಲ್ಲ ಸಪ್ಲೈಯರ್‌ಗಳಿಗೂ ಒಟ್ಟಿಗೆ ಹೋಗಿದೆ, ಎಲ್ಲರ ಮೇಲ್ ಐಡಿ ಮೇಲೆಯೇ ಕಾಣುತ್ತದೆ. ಬಾಳೆಕಾಯಿಯವರ ಬಾಕಿ ಎಣ್ಣೆಯವರಿಗೆ, ಎಣ್ಣೆಯವರ ಬಾಕಿ ಪ್ಲಾಸ್ಟಿಕ್ ಕವರಿನವರಿಗೆ. ನಾನು ಆಗಲೇ ಬರೆದೆ: ಇದು ಸರಿಯಲ್ಲ, ಒಬ್ಬರದ್ದು ಇನ್ನೊಬ್ಬರಿಗೆ ಕಳಿಸಬೇಡಿ, ಮತ್ತೆ ನನ್ನ ರಾಜ್ಯ ಇನ್ನೂ ತಪ್ಪೇ ಇದೆ. ಬಂದ ಉತ್ತರ: "ನೋಟೆಡ್." ಅಷ್ಟೇ.

ಆಮೇಲೆ ಬಂತು ಮಳೆಗಾಲ. ಆ ವರ್ಷ ತೆಂಗಿನೆಣ್ಣೆ ಬೆಲೆ ಹೇಗೆ ಹತ್ತಿತು ಎಂದು ಅಡುಗೆ ಮಾಡುವ ಎಲ್ಲರಿಗೂ ನೆನಪಿರಬಹುದು. ಜುಲೈ ಹೊತ್ತಿಗೆ ಕೇರಳದಲ್ಲಿ ಲೀಟರಿಗೆ 400 ರೂಪಾಯಿ ದಾಟಿತ್ತು. ಮಿಲ್ಲಿನವರು ಲಾಭ ಮಾಡಿದರು ಎಂದು ಹೇಳುವವರು ಕೊಬ್ಬರಿ ರೇಟು ನೋಡಿಲ್ಲ. ಕೊಬ್ಬರಿ ಕೊಡುವವರಿಗೆ ನಗದು ಬೇಕು, ಸಾಲ ಹೇಳಿದರೆ ಪಕ್ಕದ ಮಿಲ್ಲಿಗೆ ಹೋಗುತ್ತಾರೆ. ನಾನು ಆ ಮೂರು ಬಿಲ್ಲಿನ ದುಡ್ಡು ನಂಬಿಕೊಂಡು ಅವರಿಗೆಲ್ಲ "ಈ ವಾರ ಕೊಡ್ತೇನೆ" ಎಂದು ಮಾತು ಕೊಟ್ಟಿದ್ದೆ.

ವಾರ ಕಳೆಯಿತು. ಫೋನು ಮಾಡಿದೆ. "ಆಗಿದೆ ಮೇಡಂ, ಯುಟಿಆರ್ ನಂಬರ್ ಕಳಿಸ್ತೇವೆ." ಯುಟಿಆರ್ ಎಂದರೆ ದುಡ್ಡು ಹಾಕಿದ್ದಕ್ಕೆ ಬ್ಯಾಂಕು ಕೊಡುವ ಗುರುತಿನ ನಂಬರ್. ಕಳಿಸಿದರು. ನನ್ನ ಖಾತೆಯಲ್ಲಿ ಏನೂ ಇಲ್ಲ. ಮತ್ತೆ ಫೋನು. "ನಮ್ಮ ಕಡೆಯಿಂದ ಹೋಗಿದೆ. ನಿಮ್ಮ ಬ್ಯಾಂಕಲ್ಲಿ ಕೇಳಿ. ಅಲ್ಲೇ ಎಲ್ಲೋ ಸ್ಟಕ್ ಆಗಿರಬೇಕು."

ಬ್ಯಾಂಕಿಗೆ ಹೋದೆ. ಪೆನ್ಷನ್ ದಿನ, ಒಳಗೆ ಕಾಲಿಡಲು ಜಾಗ ಇಲ್ಲ. ಕೌಂಟರಿನಲ್ಲಿ ಯುಟಿಆರ್ ಕೊಟ್ಟೆ. ಆಫೀಸರಮ್ಮ ಹುಡುಕಿ, "ಇದು ನಮ್ಮಲ್ಲಿ ಬಂದಿಲ್ಲ" ಎಂದರು. ನಾನು ಕಂಪನಿ ಮೆಸೇಜ್ ತೋರಿಸಿ ಸ್ವಲ್ಪ ಜೋರಾಗಿಯೇ ಮಾತಾಡಿದೆ. ಕಂಪನಿಯವರು ಅಷ್ಟು ಗಟ್ಟಿಯಾಗಿ ಹೇಳಿದ್ದಾರಲ್ಲ! ಹಿಂದೆ ಇದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಆಗ ಆಫೀಸರಮ್ಮ ಕೇಳಿದರು, "ಅಕ್ಕ, ಅವರು ಹಾಕಿದ ಖಾತೆ ನಂಬರ್ ಯಾವುದು? ಅದನ್ನು ಕೇಳಿ ನೋಡಿ." ಅಲ್ಲೇ ನಿಂತು ಫೋನು ಮಾಡಿದೆ. ಅಕೌಂಟ್ಸಿನ ಹುಡುಗ ಓದಿ ಹೇಳಿದ. ಬರೆದುಕೊಳ್ಳುತ್ತಾ ಹೋದಂತೆ ಕೈ ತಣ್ಣಗಾಯಿತು. ಆ ನಂಬರಿನ ಒಂದು ಅಂಕಿಯೂ ನನ್ನದಲ್ಲ. ಐಎಫ್‌ಎಸ್‌ಸಿಯ ಮೊದಲ ನಾಲ್ಕು ಅಕ್ಷರ ಬ್ಯಾಂಕಿನದ್ದು, ಅದೇ ಬೇರೆ. ಆ ಬ್ಯಾಂಕಿಗೆ ನಾನು ಜನ್ಮದಲ್ಲಿ ಕಾಲಿಟ್ಟಿಲ್ಲ.

ಎಷ್ಟು ದಿನ ಕೊಬ್ಬರಿಯವರ ಹತ್ತಿರ, ಕೆಲಸದವರ ಹತ್ತಿರ "ದುಡ್ಡು ಹಾಕಿದ್ದಾರೆ, ಬ್ಯಾಂಕಲ್ಲಿ ನಿಂತಿದೆ" ಎಂದು ಹೇಳಿಕೊಂಡು ತಿರುಗಿದ್ದೆ. ಅವರೆಲ್ಲ ಏನು ಎಣಿಸಿರಬೇಡ?

ಈಗ ಕಂಪನಿಯವರ ಉತ್ತರಗಳನ್ನು ಕೇಳಿ.

ಮೊದಲು: "ಖಾತೆ ಚೇಂಜ್ ಮಾಡಿ ಅಂತ ನೀವೇ ಮೇಲ್ ಮಾಡಿದ್ದೀರಲ್ಲ ಮೇಡಂ?" ನಾನು ಮಾಡಿಲ್ಲ ಎಂದೆ. "ಸಿಸ್ಟಂನಲ್ಲಿ ಹಾಗೇ ಉಂಟು." ಆ ಮೇಲ್ ಕಳಿಸಿ ಎಂದೆ. "ಅದು ಇಂಟರ್ನಲ್." ನನ್ನ ಹೆಸರಿನಲ್ಲಿ ಬಂದ ಮೇಲ್ ನನಗೇ ತೋರಿಸಲು ಇಂಟರ್ನಲ್! ಆಮೇಲೆ ಹಿರಿಯ ಮ್ಯಾನೇಜರ್ ಲೈನಿಗೆ ಬಂದರು. ಬಹಳ ಮೆತ್ತಗೆ, "ನಿಮ್ಮ ಮನೆಯಲ್ಲಿ ಬೇರೆ ಯಾರಾದರೂ ಆ ಮೇಲ್ ನೋಡ್ತಾರಾ ಮೇಡಂ? ಮಗ, ಭಾವ, ಹಾಗೆ?" ಎಂದರು. ನನ್ನ ಮನೆಯವರೇ ಕದ್ದರು ಎಂದು ಅರ್ಥ. ಆ ಮಾತು ನನಗೆ ದುಡ್ಡಿಗಿಂತ ಜಾಸ್ತಿ ನೋವಾಯಿತು. ನಂತರ ಮಾತು ಬದಲಾಯಿತು: "ಹ್ಯಾಕ್ ಆಗಿರುವುದು ನಿಮ್ಮ ಮೇಲ್. ಕಂಪನಿ ಜವಾಬ್ದಾರಿ ಅಲ್ಲ."

ನಮ್ಮ ಆಡಿಟರು ಗದರಿಸಿದ ಮೇಲೆ ಆ ಮೇಲ್ ಕಳಿಸಿದರು. ನೋಡಿದೆ. ನನ್ನ ಮೇಲ್ ಐಡಿಯಲ್ಲಿ ಇಂಗ್ಲಿಷಿನ 'ಎಂ' ಅಕ್ಷರ ಇದೆ. ಕಳ್ಳನ ಐಡಿಯಲ್ಲಿ ಅದರ ಜಾಗದಲ್ಲಿ 'ಆರ್' ಮತ್ತು 'ಎನ್' ಒತ್ತೊತ್ತಾಗಿ ಕೂತಿವೆ. ಮೊಬೈಲಿನಲ್ಲಿ ನೋಡಿದರೆ 'ಎಂ' ಎಂದೇ ಕಾಣುತ್ತದೆ. ಅಂದರೆ ನನ್ನ ಮೇಲ್ ಹ್ಯಾಕ್ ಆಗಲೇ ಇಲ್ಲ! ಜೊತೆಗೆ ನನ್ನ ಮಿಲ್ಲಿನ ಹೆಸರಿನ ಲೆಟರ್‌ಹೆಡ್ಡು, ಸೀಲು, ಕ್ಯಾನ್ಸಲ್ ಚೆಕ್ಕಿನ ಫೋಟೋ. ಜಿಎಸ್‌ಟಿ ನಂಬರ್ ಸರಿ ಇದೆ. ಅದು ದೊಡ್ಡ ವಿಷಯವಲ್ಲ, ಪೋರ್ಟಲಿನಲ್ಲಿ ಯಾರು ಬೇಕಾದರೂ ನೋಡಬಹುದು.

ಆದರೆ ಆ ಲೆಟರ್‌ಹೆಡ್ಡಿನ ವಿಳಾಸ ಓದಿ. ಬದಿಯಡ್ಕ, ದಕ್ಷಿಣ ಕನ್ನಡ, ಕರ್ನಾಟಕ.

ನಾನು ನನ್ನ ಲೆಟರ್‌ಹೆಡ್ಡಿನಲ್ಲಿ ನನ್ನ ಊರನ್ನು ಬೇರೆ ರಾಜ್ಯಕ್ಕೆ ಹಾಕುತ್ತೇನಾ? ಈ ತಪ್ಪು ಲೋಕದಲ್ಲಿ ಇದ್ದದ್ದು ಒಂದೇ ಕಡೆ, ಇವರ ದಾಖಲೆಯಲ್ಲಿ. ಅಲ್ಲಿಂದ ಆ ಎಕ್ಸೆಲ್ ಶೀಟಿಗೆ, ಶೀಟಿನಿಂದ ಕಳ್ಳನ ಕೈಗೆ. ಇದನ್ನು ಹೇಳಿದಾಗ ಮ್ಯಾನೇಜರ್ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅದು ಕೋ-ಇನ್ಸಿಡೆನ್ಸ್ ಇರಬಹುದು" ಎಂದರು.

ಇನ್ನೊಂದು ನೋಡಿ. ಕಳ್ಳನ ಮೇಲ್ ಬಂದದ್ದು ಬೆಳಿಗ್ಗೆ. ಖಾತೆ ಬದಲಾದದ್ದು ಅದೇ ದಿನ ಸಂಜೆ. ಒರಿಜಿನಲ್ ಬೇಡ, ಕೊರಿಯರ್ ಬೇಡ, ಅಪ್ರೂವಲ್‌ಗೆ ಹೋಗಿ ಕೂರಲೂ ಇಲ್ಲ. ನನಗೆ ಒಂದು ಫೋನು ಇಲ್ಲ. ವರ್ಷಗಟ್ಟಲೆ ಅದೇ ನಂಬರಿನಿಂದ ಮಾತಾಡಿದ್ದೇವೆ, ಅದಕ್ಕೆ ಒಂದು ಫೋನು ಮಾಡಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು.

ದುಡ್ಡು ಹಾಕುವಾಗ ಹೆಸರು ನನ್ನದೇ ಹಾಕಿದ್ದಾರಂತೆ, ಹಾಗಾಗಿ ಬ್ಯಾಂಕಿನದ್ದೇ ತಪ್ಪು ಎಂದು ಒಂದು ಹೊಸ ವಾದ. ನೆಫ್ಟ್‌ನಲ್ಲಿ ಖಾತೆ ನಂಬರ್ ಒಂದನ್ನೇ ನೋಡಿ ಜಮೆ ಮಾಡುತ್ತಾರೆ, ಹೆಸರು ತಾಳೆ ನೋಡುವುದಿಲ್ಲ. ಆರ್‌ಬಿಐ ಇದನ್ನು 2010ರಲ್ಲೇ ಹೇಳಿದೆ. ನಂಬರ್ ಸರಿ ಹಾಕುವುದು ಕಳಿಸುವವರ ಹೊಣೆ. 2025ರ ಏಪ್ರಿಲ್ 1ರ ಒಳಗೆ ಬ್ಯಾಂಕುಗಳು ಖಾತೆದಾರರ ಹೆಸರು ಮೊದಲೇ ತೋರಿಸುವ ವ್ಯವಸ್ಥೆ ಕೊಡಬೇಕು ಎಂದೂ ಆರ್‌ಬಿಐ ಹೇಳಿತ್ತು. ಹೊಸ ಖಾತೆಗೆ ಮೊದಲು ಒಂದು ರೂಪಾಯಿ ಹಾಕಿ "ಬಂತಾ" ಎಂದು ಕೇಳುವುದಂತೂ ನಮ್ಮೂರಿನ ಸಣ್ಣ ಅಂಗಡಿಯವರಿಗೂ ಗೊತ್ತು. ಇಷ್ಟು ದೊಡ್ಡ ಅಕೌಂಟ್ಸ್ ವಿಭಾಗಕ್ಕೆ ಗೊತ್ತಿಲ್ಲ.

ಸೈಬರ್ ವಂಚನೆಯ ದೂರಿಗೆ ಇರುವ 1930ಕ್ಕೆ ಫೋನು ಮಾಡಿದೆ. ದುಡ್ಡು ಯಾರ ಖಾತೆಯಿಂದ ಹೋಯಿತೋ ಅವರೇ ಬೇಗ ದೂರು ಕೊಟ್ಟರೆ ಒಳ್ಳೆಯದು ಎಂದರು. ಕಂಪನಿಗೆ ಹೇಳಿದರೆ, "ಇಂಟರ್ನಲ್ ಆಡಿಟ್ ಮುಗಿಯಲಿ." ಇಂಥದ್ದರಲ್ಲಿ ಮೊದಲ ಕೆಲವು ಗಂಟೆಯಲ್ಲಿ ಹೇಳಿದರೆ ಮಾತ್ರ ದುಡ್ಡು ತಡೆಹಿಡಿಯುವ ಆಸೆ ಇರುತ್ತದೆ. ಇವರಿಗೆ ಮರ್ಯಾದೆ ಹೋಗುವ ಚಿಂತೆ. ಇಲ್ಲಿ ಪೊಲೀಸರಿಗೆ ನಾನೇ ದೂರು ಕೊಟ್ಟೆ. ಮೇಲ್ ಇಂಗ್ಲಿಷಿನಲ್ಲಿ, ಕಂಪನಿಯ ಮಾತು ಕನ್ನಡದಲ್ಲಿ, ದೂರು ಮಲಯಾಳದಲ್ಲಿ. ಬರೆದು ಮುಗಿಸುವಾಗ ಸಾಕೋ ಸಾಕಾಯಿತು.

ಇದರ ನಡುವೆ ಜಿಎಸ್‌ಟಿ ಕಟ್ಟುವ ದಿನ ಬಂತು. ತೆಂಗಿನೆಣ್ಣೆಗೆ ಶೇ 5. ಮಾಲು ಹೋಗಿದೆ, ಬಿಲ್ಲು ಆಗಿದೆ, ದುಡ್ಡು ಬರಲಿ ಬಿಡಲಿ ತೆರಿಗೆ ಕಟ್ಟಲೇಬೇಕು. ಕಳ್ಳನಿಗೆ ಹೋದ ದುಡ್ಡಿಗೆ ನಾನು ಕೈಯಿಂದ ತೆರಿಗೆ ಕಟ್ಟಿದೆ.

ಕಂಪನಿಯ ಕೊನೆಯ ಮಾತು ಏನು ಗೊತ್ತಾ? "ಗುಡ್‌ವಿಲ್ ಆಗಿ ಅರ್ಧ ಕೊಡ್ತೇವೆ. ಕಂಪ್ಲೇಂಟ್ ವಾಪಸ್ ತೆಗೊಳ್ಳಿ, ಪೂರ್ತಿ ಸೆಟ್ಲ್ ಆಗಿದೆ ಅಂತ ಸಹಿ ಮಾಡಿ." ನನ್ನ ದುಡ್ಡಲ್ಲಿ ಅರ್ಧ ನನಗೇ ಗುಡ್‌ವಿಲ್! ಆಗುವುದಿಲ್ಲ ಎಂದೆ. ನನ್ನ ಹತ್ತಿರ ಉದ್ಯಮ್ ನೋಂದಣಿ ಇದೆ. ಸಣ್ಣ ಉದ್ಯಮಗಳ ಎಂಎಸ್‌ಎಂಇ ಕಾಯ್ದೆ ಪ್ರಕಾರ ಬರಹದಲ್ಲಿ ಒಪ್ಪಂದ ಇದ್ದರೂ 45 ದಿನದ ಒಳಗೆ ದುಡ್ಡು ಕೊಡಬೇಕು. ಮೀರಿದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಸಣ್ಣ ಉದ್ಯಮದವರ ಬಾಕಿ ದೂರಿಗೆ ಕೇಂದ್ರ ಸರ್ಕಾರ ಮಾಡಿದ ಸಮಾಧಾನ್ ಪೋರ್ಟಲಿನಲ್ಲಿ ಅರ್ಜಿ ಹಾಕಿದ್ದೇನೆ. ಕಂಪನಿ ಕರ್ನಾಟಕದ್ದಾದರೂ ಸಪ್ಲೈಯರ್ ಇರುವ ಕಡೆಯ ಕೌನ್ಸಿಲ್ಲೇ (ಇಂಥ ಬಾಕಿ ದೂರು ವಿಚಾರಿಸುವ ಮಂಡಳಿ) ಇದನ್ನು ವಿಚಾರಿಸಬಹುದು. ಅದಕ್ಕಾಗಿ ಗಡಿ ದಾಟಬೇಕಾಗಿಲ್ಲ, ಇದು ನಮ್ಮ ಕಡೆಯವರಿಗೆ ತುಂಬ ಜನಕ್ಕೆ ಗೊತ್ತಿಲ್ಲ.

ನೀವು ಮಾಡಬೇಕಾದದ್ದು ಇಷ್ಟು. ನಿಮ್ಮ ಹೆಸರಿನಲ್ಲಿ ಏನೇನು ಬರೆದಿಟ್ಟಿದ್ದಾರೆ ಎಂದು ಕಂಪನಿಯಿಂದ ಬರಹದಲ್ಲಿ ತರಿಸಿ: ರಾಜ್ಯ, ಜಿಎಸ್‌ಟಿ, ಖಾತೆ, ಐಎಫ್‌ಎಸ್‌ಸಿ, ಉದ್ಯಮ್, ಫೋನು. ತಪ್ಪಿದ್ದರೆ ಸರಿಯಾಗುವವರೆಗೆ ಬಿಡಬೇಡಿ, "ನೋಟೆಡ್" ಎಂಬ ಉತ್ತರಕ್ಕೆ ಸುಮ್ಮನಾಗಬೇಡಿ. ಖಾತೆ ಬದಲಿಸಲು ಯಾರೇ ಕೇಳಿದರೂ ನನ್ನ ಈ ಹಳೇ ನಂಬರಿಗೆ ಫೋನು ಮಾಡದೆ ಬದಲಿಸಬಾರದು ಎಂದು ಈಗಲೇ ಮೇಲ್ ಹಾಕಿಡಿ. ಖಾತೆ ನಂಬರನ್ನು ಪ್ರತಿ ಬಿಲ್ಲಿನಲ್ಲೂ ಅಚ್ಚು ಹಾಕಿಸಿ. ಮತ್ತೆ, ಕಂಪನಿ "ಹಾಕಿದ್ದೇವೆ" ಎಂದರೆ ಬ್ಯಾಂಕಿಗೆ ಓಡುವ ಮೊದಲು ಯಾವ ಖಾತೆಗೆ ಎಂದು ಕೇಳಿ. ಅಕೌಂಟ್ಸಿನಲ್ಲಿ ಕೆಲಸ ಮಾಡುವವರು ಇದನ್ನು ಓದುತ್ತಿದ್ದರೆ, ಹೊಸ ಪತ್ರದಲ್ಲಿ ಕೊಟ್ಟ ನಂಬರಿಗೆ ಫೋನು ಮಾಡಬೇಡಿ ಸ್ವಾಮಿ, ಅದನ್ನು ಎತ್ತುವುದೂ ಕಳ್ಳನೇ.

ಏಪ್ರಿಲಿನ ಆ ಎಕ್ಸೆಲ್ ಶೀಟು ನಿಮಗೂ ಬಂದಿದ್ದರೆ ದಯವಿಟ್ಟು ಅದನ್ನು ಡಿಲೀಟ್ ಮಾಡಬೇಡಿ. ಬಂದ ದಿನ, ಸಮಯ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದು ಇಡಿ. ಅಂಥ ಶೀಟು ಕಳಿಸಿಯೇ ಇಲ್ಲ ಎಂದು ಈಗ ಕಂಪನಿಯವರು ಹೇಳಲು ಶುರು ಮಾಡಿದ್ದಾರೆ.