‘2 ಎಂಬಿ ಲೈನ್’ ಮತ್ತು ಗೂಗಲ್ ಪರಿವರ್ತಕ: ಭಾಗಾಕಾರ ಸರಿ, ಲೈನಿನ ಒಳಗುಟ್ಟು ಗೊತ್ತಿಲ್ಲ

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಕಂಪ್ಯೂಟರ್ ಅಂಗಡಿಗಳಲ್ಲಿ ‘ಎಂಬಿ’ ಅನ್ನುವ ಒಂದೇ ಮಾತಿಗೆ ಎರಡು ಕೆಲಸ. ಪೆನ್‌ಡ್ರೈವ್‌ನ ಫೈಲೂ ಎಂಬಿ, ಟೆಲಿಫೋನ್ ಎಕ್ಸ್‌ಚೇಂಜ್‌ನಿಂದ ಬಾಡಿಗೆಗೆ ಬಂದ ಹಳೆಯ ಲೀಸ್ಡ್ ಲೈನೂ ಎಂಬಿ. ಫೈಲಿನದು ಮೆಗಾಬೈಟ್, ಲೈನಿನದು ಸೆಕೆಂಡಿಗೆ ಇಷ್ಟು ಮೆಗಾಬಿಟ್; ಎಂಟು ಬಿಟ್ ಸೇರಿದರೆ ಒಂದು ಬೈಟ್. ‘ಯಾದಗಿರಿಗೆ 2 ಎಂಬಿ ಲೈನ್ ಅದ, 1 ಜಿಬಿ ಬ್ಯಾಕಪ್ ಕಳಸ್ಲಾಕ ಎಷ್ಟೊತ್ತು ಹಿಡಿತದ್ರಿ?’ ಎಂದು ಕೇಳಿದರೆ ಬಾಯಿಲೆಕ್ಕದ ಉತ್ತರ 500 ಸೆಕೆಂಡ್, ಅಂದರೆ ಎಂಟು ನಿಮಿಷ ಚಿಲ್ಲರೆ. ನಿಜಕ್ಕೆ ಹಿಡಿಯುವುದು ಒಂದೂಕಾಲು ಗಂಟೆ. ಒಂದು ಅಳತೆಯನ್ನು ಇನ್ನೊಂದಕ್ಕೆ ಬದಲಿಸುವ, ಪುಕ್ಕಟೆ ಸಿಗುವ ಪರಿವರ್ತಕಗಳು ಈ ಎಡವಟ್ಟನ್ನು ಎಷ್ಟು ತಪ್ಪಿಸುತ್ತವೆ ಎಂಬುದೇ ಇಲ್ಲಿಯ ಪರೀಕ್ಷೆ.

ವಿಂಡೋಸ್ ಕ್ಯಾಲ್ಕುಲೇಟರ್ ಮೊದಲೇ ಹೊರಗೆ. ಅದರಲ್ಲಿ ‘ಡೇಟಾ’ ವಿಭಾಗ ಇದೆ, ಬಿಟ್‌ನಿಂದ ಬೈಟ್‌ಗೆ ಚೆನ್ನಾಗಿಯೇ ಬದಲಿಸುತ್ತದೆ, ಆದರೆ ಸೆಕೆಂಡಿಗೆ ಎಷ್ಟು ಎಂಬ ವೇಗದ ವಿಭಾಗವೇ ಇಲ್ಲ.

ಗೂಗಲ್‌ನ ‘ಡೇಟಾ ಟ್ರಾನ್ಸ್‌ಫರ್ ರೇಟ್’ ಪೆಟ್ಟಿಗೆಯಲ್ಲಿ 2.048 ಮೆಗಾಬಿಟ್ ಹಾಕಿದರೆ 256 ಕಿಲೋಬೈಟ್ ಬರುತ್ತದೆ. ಗಣಿತದಲ್ಲಿ ತಪ್ಪಿಲ್ಲ. ಆದರೆ ಈ 2.048 ಎಂಬುದು ಇ1 ಲೈನಿನ, ಅಂದರೆ ಅಂಗಡಿಯವರ ‘2 ಎಂಬಿ ಲೈನಿನ’ ಒಟ್ಟು ತೂಕ, ಚೀಲವನ್ನೂ ಸೇರಿಸಿ ತೂಗಿದ ತೊಗರಿಯ ಹಾಗೆ. ಇ1ರಲ್ಲಿ ತಲಾ 64 ಕೆಬಿಪಿಎಸ್‌ನ (ಸೆಕೆಂಡಿಗೆ ಇಷ್ಟು ಸಾವಿರ ಬಿಟ್) 32 ಟೈಮ್‌ಸ್ಲಾಟ್‌ಗಳು, ಅಂದರೆ ಸರದಿಯ ಪಾಲುಗಳು ಇರುತ್ತವೆ. ಫ್ರೇಮ್ ಮಾಡಿದ, ಅಂದರೆ ಹೀಗೆ ಸ್ಲಾಟ್‌ಗಳಾಗಿ ಹಂಚಿದ ಲೈನಿನಲ್ಲಿ 0ನೇ ಸ್ಲಾಟ್ ಎರಡೂ ತುದಿಗಳ ಹೊಂದಾಣಿಕೆಗೇ ಮೀಸಲು. ಉಳಿದ 31ರಲ್ಲಿ ಸೆಕೆಂಡಿಗೆ 2,48,000 ಬೈಟ್. 16ನೇ ಸ್ಲಾಟನ್ನು ಸಿಗ್ನಲಿಂಗ್‌ಗೆ (ಕರೆ ಜೋಡಿಸುವ ಸೂಚನೆಗಳಿಗೆ) ಬಿಟ್ಟಿದ್ದರೆ 2,40,000.

ಇದರ ಮೇಲೆ 1000, 1024ರ ತಕರಾರು. ಗೂಗಲ್‌ನ ಕಿಲೋಬೈಟ್ ಅಂದರೆ 1000 ಬೈಟ್. ವಿಂಡೋಸ್‌ನ ಕಾಪಿ ಕಿಟಕಿ ತೋರಿಸುವ ಕೆಬಿ 1024 ಬೈಟ್‌ನದು. ಡೇಟಾದ ಪ್ರತಿ ಪೊಟ್ಟಣಕ್ಕೂ ವಿಳಾಸದ ಹಾಗೆ ಅಂಟುವ ಟಿಸಿಪಿ, ಐಪಿ, ಈಥರ್ನೆಟ್ ತಲೆಬರಹಗಳಿಗೆ ಇನ್ನೂ ನಾಲ್ಕು ಶೇಕಡಾ ಹೋಗುತ್ತದೆ. ಎಲ್ಲ ಕಳೆದು ಉಳಿಯುವ ಲೆಕ್ಕ ಬಲು ಸುಲಭ: ವಿಂಡೋಸ್ ಪರದೆಯಲ್ಲಿ ಒಂದು ಸ್ಲಾಟ್‌ಗೆ ಏಳೂವರೆ ಕೆಬಿ. 31 ಸ್ಲಾಟ್ ಇದ್ದರೆ ಸುಮಾರು 232 ಕೆಬಿ ಕಾಣಬೇಕು, 30 ಇದ್ದರೆ 225.

ಇದನ್ನೇ ತಿರುಗಿಸಿದರೆ ಲೈನಿನ ರೋಗವೂ ಸಿಗುತ್ತದೆ. ಕಾಪಿ ವೇಗ ಏರದೆ ಇಳಿಯದೆ 120 ಕೆಬಿಗೆ ಅಂಟಿಕೊಂಡಿದ್ದರೆ 120 ಭಾಗಿಸು ಏಳೂವರೆ, 16 ಸ್ಲಾಟ್. ಲೈನನ್ನು ಕಂಪ್ಯೂಟರ್ ಜಾಲಕ್ಕೆ ಜೋಡಿಸುವ ಇ1–ಈಥರ್ನೆಟ್ ಕನ್ವರ್ಟರ್ ಡಬ್ಬಿಯಲ್ಲಿ ಅರ್ಧ ಸ್ಲಾಟ್ ಮಾತ್ರ ಆನ್ ಆಗಿರುವ ಲಕ್ಷಣ ಅದು. ಡಬ್ಬಿ ಬದಲಿಸುವ ಮೊದಲು ಎರಡೂ ತುದಿಯ ಸ್ಲಾಟ್ ಪಟ್ಟಿ ಹೋಲಿಸಿ. ವೇಗ ಏರಿಳಿಯುತ್ತಾ ಆಗಾಗ ಎರರ್ ಬರುತ್ತಿದ್ದರೆ ಬಿಟ್‌ಗಳಿಗೆ ತಾಳ ಹಾಕುವ ಕ್ಲಾಕ್ ನೋಡಿ: ಒಂದು ತುದಿ ಇಂಟರ್ನಲ್ (ತನ್ನದೇ ಕ್ಲಾಕ್) ಇದ್ದರೆ ಇನ್ನೊಂದು ಲೈನಿನಿಂದಲೇ ಕ್ಲಾಕ್ ತೆಗೆದುಕೊಳ್ಳಬೇಕು. ಎರಡೂ ಇಂಟರ್ನಲ್ ಆದರೆ ಸ್ಲಿಪ್, ಅಂದರೆ ತಾಳ ತಪ್ಪಿ ಡೇಟಾ ಬಿಟ್ಟುಹೋಗುವುದು ಇಲ್ಲವೇ ಮರುಕಳಿಸುವುದು ತಪ್ಪದು. ಒಂದು ಕಡೆ ಫ್ರೇಮ್ಡ್, ಮತ್ತೊಂದು ಕಡೆ ಅನ್‌ಫ್ರೇಮ್ಡ್ ಇಟ್ಟರಂತೂ ಅಲಾರಂ ದೀಪವೇ ಗತಿ. ಇದ್ಯಾವುದನ್ನೂ ಪರಿವರ್ತಕ ಹೇಳುವುದಿಲ್ಲ, ಹೇಳಲಿ ಎಂದು ಬಯಸುವುದೂ ಅತಿಯಾದೀತು.

ಇ1, ಟಿ1, ಎಸ್‌ಟಿಎಂ-1 (ಅನೇಕ ಇ1ಗಳನ್ನು ಹೊರುವ ದೊಡ್ಡ ಲೈನ್) ಹೆಸರುಗಳನ್ನೇ ಪಟ್ಟಿ ಮಾಡಿದ ಪರಿವರ್ತಕ ಪುಟಗಳು ಈ ಕೆಲಸಕ್ಕೆ ಗೂಗಲ್‌ಗಿಂತ ವಾಸಿ, ಅದೂ ‘ಸಿಗ್ನಲ್’ (ಒಟ್ಟು ತೂಕ) ಮತ್ತು ‘ಪೇಲೋಡ್’ (ಒಳಗಿನ ಸರಕು) ಬೇರೆ ಮಾಡಿದ್ದರೆ ಮಾತ್ರ. ಅಲ್ಲೂ ಇ1 ಪೇಲೋಡ್ 1.92 ಮೆಗಾಬಿಟ್ ಎಂದಿದ್ದರೆ ಅದು 30 ಮಾತಿನ ಚಾನೆಲ್‌ಗಳ ಲೆಕ್ಕ. ಡೇಟಾ ಲೈನಿಗೆ 1.984 ಹಿಡಿಯಿರಿ. ಪಟ್ಟಿಯಲ್ಲಿ ಮೇಲೆ ಕಂಡಿತೆಂದು ಟಿ1 ಒತ್ತಬೇಡಿ. 1.544ರ ಆ ಲೈನ್ ಅಮೆರಿಕದ್ದು, ನಮ್ಮಲ್ಲಿ ಬಳಕೆಯಲ್ಲಿರುವುದು ಇ1. ಎಸ್‌ಟಿಎಂ-1ಕ್ಕೆ 155.52ನ್ನು 8ರಿಂದ ಭಾಗಿಸಿ 19.44 ಎಂಬಿ ಎಂದು ಬಂದರೂ, ಅದನ್ನು ಇ1ಗಳಾಗಿ ಒಡೆದರೆ ಹಿಡಿಯುವುದು 63 ಮಾತ್ರ, ಒಟ್ಟು ಸುಮಾರು 16.1 ಎಂಬಿ.

8ರಿಂದ ಭಾಗಿಸುವ ರೂಢಿ ಪೂರ್ತಿ ಕೈಕೊಡುವುದು ರೌಟರ್‌ನ ಸೆಟ್ಟಿಂಗ್‌ಗೆ ಬಳಸುವ ಕನ್ಸೋಲ್ ಪೋರ್ಟಿನಲ್ಲಿ. ಸೆಕೆಂಡಿಗೆ 9600 ಬಿಟ್‌ನ ಸೀರಿಯಲ್ ಕೇಬಲ್‌ನಲ್ಲಿ ಪ್ರತಿ ಬೈಟ್‌ಗೆ ಸ್ಟಾರ್ಟ್ ಒಂದು, ಸ್ಟಾಪ್ ಒಂದು ಸೇರಿ 10 ಬಿಟ್. ಪರಿವರ್ತಕ 1200 ಬೈಟ್ ಎನ್ನುತ್ತದೆ, ಹೋಗುವುದು 960. ರೌಟರ್‌ಗೆ 8 ಎಂಬಿ ಫರ್ಮ್‌ವೇರ್ (ಅದರ ಒಳಗಿನ ತಂತ್ರಾಂಶ) ಏರಿಸಲು ಕಮ್ಮಿ ಎಂದರೂ ಎರಡು ಗಂಟೆ 25 ನಿಮಿಷ. ಪೋರ್ಟನ್ನು 1,15,200ಕ್ಕೆ ಏರಿಸಿಕೊಂಡರೆ ಅದೇ ಕೆಲಸ 12 ನಿಮಿಷ ಚಿಲ್ಲರೆಯಲ್ಲಿ ಮುಗಿಯುತ್ತದೆ.

ಗೂಗಲ್ ನಿಜವಾಗಿ ಕೈಹಿಡಿಯುವುದು ಕ್ಯಾಮೆರಾ ಲೆಕ್ಕದಲ್ಲಿ. ಕಪನೂರಿನ ದಾಲ್ ಮಿಲ್ಲೊಂದರ ನಾಲ್ಕು ಕ್ಯಾಮೆರಾ ಚಿತ್ರ ಇ1 ಮೇಲೆ ಊರೊಳಗಿನ ಆಫೀಸಿಗೆ ಬರಬೇಕು ಎಂದುಕೊಳ್ಳಿ. ತಲಾ 512 ಕೆಬಿಪಿಎಸ್ ಇಟ್ಟರೆ ಸರಿಯಾಗಿ 2048, ಕಾಗದದ ಮೇಲೆ ಅಚ್ಚುಕಟ್ಟು, ಲೈನಿನಲ್ಲಿ ಚಿತ್ರ ಒಡೆಯುತ್ತದೆ. 384ಕ್ಕೆ ಇಳಿಸಿದರೆ ಒಟ್ಟು 1536, ಆರಾಮಾಗಿ ಹರಿಯುತ್ತದೆ. ಈ 1536ನ್ನು ಗೂಗಲ್‌ಗೆ ಕೊಟ್ಟರೆ 192 ಕಿಲೋಬೈಟ್. 86,400 ಸೆಕೆಂಡಿನಿಂದ ಗುಣಿಸಿದರೆ ದಿನಕ್ಕೆ 16.6 ಜಿಬಿ. ಡಿಸ್ಕ್ ಕಂಪನಿಯವರೂ 1000ದ ಲೆಕ್ಕದಲ್ಲೇ 1 ಟಿಬಿ ಎಂದು ಅಚ್ಚು ಹಾಕುವುದರಿಂದ ಇಲ್ಲಿ 1024 ಅಡ್ಡ ಬರುವುದಿಲ್ಲ, 60 ದಿನದ ರೆಕಾರ್ಡಿಂಗ್ ಹಿಡಿಯುತ್ತದೆ. ಅದೇ ಡಿಸ್ಕನ್ನು ವಿಂಡೋಸ್ 931 ಜಿಬಿ ಎಂದು ತೋರಿಸಿದಾಗ ಅಂಗಡಿಯವರ ಮೇಲೆ ಹರಿಹಾಯಬೇಡಿ, ಬೈಟ್ ಒಂದೂ ಕಮ್ಮಿಯಾಗಿಲ್ಲ.

ಅಂಕ ಕೊಡುವುದಾದರೆ ಗೂಗಲ್‌ಗೆ ಐದರಲ್ಲಿ ಮೂರು, ಸಿಗ್ನಲ್–ಪೇಲೋಡ್ ಬೇರೆ ಮಾಡಿದ ಪುಟಗಳಿಗೆ ಮೂರೂವರೆ. ಉಳಿದ ಒಂದೂವರೆ ಅಂಕದ ಕೆಲಸವನ್ನು ಕನ್ವರ್ಟರ್ ಡಬ್ಬಿಗೆ ಅಂಟಿಸಿದ ಚೀಟಿ ಮಾಡಬಹುದು: ಎಷ್ಟು ಸ್ಲಾಟ್, ಕ್ಲಾಕ್ ಯಾರದು, ಸ್ಲಾಟ್‌ಗೆ ಏಳೂವರೆ.