ಏರಿಳಿತದ ಲೆಕ್ಕವಿಡುವ ಬಿಪಿ ಯಂತ್ರ
ತೋಳಿಗೆ ಪಟ್ಟಿ ಸುತ್ತಿ ಅಳೆಯುವ ಈ ಡಿಜಿಟಲ್ ಬಿಪಿ ಯಂತ್ರವನ್ನು ತಂದೆಯವರಿಗಾಗಿ ಕೊಂಡು ನಾಲ್ಕು ತಿಂಗಳಾಯಿತು. ಇದರಲ್ಲಿ ನನಗೆ ಅತ್ಯಂತ ಉಪಯುಕ್ತವೆನಿಸಿದ್ದು ಹಿಂದಿನ ಅಳತೆಗಳನ್ನು ದಿನಾಂಕಸಹಿತ ಉಳಿಸಿಕೊಳ್ಳುವ ಮೆಮೊರಿ. ಏಕೆಂದರೆ ಸರಾಸರಿ ರಕ್ತದೊತ್ತಡ ಮಾತ್ರವಲ್ಲ, ವೈದ್ಯರ ಒಂದು ಭೇಟಿಯಿಂದ ಇನ್ನೊಂದಕ್ಕೆ ಸಿಸ್ಟೋಲಿಕ್ ಒತ್ತಡ (ಬಿಪಿಯ ಮೇಲಿನ ಅಂಕಿ) ಎಷ್ಟು ಏರಿಳಿಯುತ್ತದೆ ಎಂಬುದೂ ಪಾರ್ಶ್ವವಾಯುವಿನ ಅಪಾಯವನ್ನು ಬಲವಾಗಿ ಸೂಚಿಸುತ್ತದೆಂದು ಆಕ್ಸ್‌ಫರ್ಡ್‌ನ ಪೀಟರ್ ರಾತ್‌ವೆಲ್ ಮತ್ತು ಸಂಗಡಿಗರು 2010ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ತೋರಿಸಿದರು. ಹೃದ್ರೋಗದ ವಿಷಯದಲ್ಲೂ ಇಂಥದೇ ನಂಟು ಅಧ್ಯಯನಗಳಲ್ಲಿ ಕಂಡುಬಂದಿದೆ. ಬೆಳಿಗ್ಗೆ ಮಾತ್ರೆಗೆ ಮುನ್ನ ಐದು ನಿಮಿಷ ಒರಗಿ ಕುಳಿತು, ಒಂದು ನಿಮಿಷ ಬಿಟ್ಟು ಎರಡು ಬಾರಿ ಅಳೆದ ಅಂಕಿಗಳನ್ನಷ್ಟೇ ನಂಬಬೇಕು. ಜೊತೆಗೆ ಬಂದ ತೋಳುಪಟ್ಟಿ ತಂದೆಯವರ ದಪ್ಪ ತೋಳಿಗೆ ಚಿಕ್ಕದಾಗಿ ಒತ್ತಡವನ್ನು ಹೆಚ್ಚಾಗಿ ತೋರಿಸುತ್ತಿತ್ತು. ದೊಡ್ಡದನ್ನು ಬೇರೆಯಾಗಿ ಕೊಳ್ಳಬೇಕಾದದ್ದು ಸಣ್ಣ ಕೊರತೆಯಲ್ಲ. ಆದರೂ ಮಾತ್ರೆ ತಪ್ಪಿದ ದಿನಗಳೆಲ್ಲ ಮೆಮೊರಿಯಲ್ಲಿ ಎದ್ದು ಕಂಡಿದ್ದರಿಂದ, ತಂದೆಯವರು ಈಗ ಒಂದು ದಿನವೂ ಮರೆಯುವುದಿಲ್ಲ.