ಮುಖಪುಟ ತೆರೆದರೆ ಸಾಲದು: ಬೆಲ್ಲದ ಮಳಿಗೆಗೆ ಪ್ಲೇರೈಟ್ ಕಾವಲು

ಮಂಡ್ಯದ ಹತ್ತಿರದ ಆಲೆಮನೆಯೊಂದು ಬೆಲ್ಲ ಮಾರುವ ಜಾಲತಾಣವನ್ನು ನಾನು ನೋಡಿಕೊಳ್ಳುತ್ತೇನೆ. ವರ್ಷದ ಉಳಿದ ದಿನಗಳಲ್ಲಿ ಸಾಧಾರಣವಾಗಿರುವ ವ್ಯಾಪಾರ, ಅಚ್ಚುಬೆಲ್ಲಕ್ಕೂ ಎಳ್ಳುಬೆಲ್ಲಕ್ಕೂ ಬೆಂಗಳೂರು, ಮೈಸೂರುಗಳಿಂದ ಬೇಡಿಕೆ ಬರುವ ಸಂಕ್ರಾಂತಿಯ ಮುಂಚಿನ ಎರಡು ವಾರಗಳಲ್ಲಿ ಒಮ್ಮೆಲೇ ಏರುತ್ತದೆ. ಅಂಥ ದಿನಗಳಲ್ಲೇ ಒಮ್ಮೆ, ಪಿನ್‌ಕೋಡ್ ಬರೆದ ಮೇಲೆ ಕೊರಿಯರ್ ದರ ತೋರಿಸಬೇಕಾದ ಪುಟ ರಾತ್ರಿಯಿಡೀ ಸುಮ್ಮನೆ ತಿರುಗುತ್ತಿತ್ತು. ಬೆಳಿಗ್ಗೆ ಗ್ರಾಹಕರೊಬ್ಬರು ಫೋನ್ ಮಾಡುವ ತನಕ ನಮಗೆ ಗೊತ್ತೇ ಆಗಲಿಲ್ಲ. ಏಕೆಂದರೆ ಆಗ ನಮ್ಮಲ್ಲಿದ್ದ ಪರೀಕ್ಷೆ ಮುಖಪುಟದಿಂದ 200 (ಸರ್ವರ್ ಪುಟವನ್ನು ಸರಿಯಾಗಿ ಕೊಟ್ಟಿತು ಎನ್ನುವ ಸಂಕೇತ) ಎಂಬ ಉತ್ತರ ಬಂದರೆ ಸಾಕು, ಎಲ್ಲವೂ ಸರಿಯಿದೆ ಎನ್ನುತ್ತಿತ್ತು.

ಆ ಪಾಠದ ನಂತರ ಆರಿಸಿಕೊಂಡದ್ದು, ಮೈಕ್ರೋಸಾಫ್ಟ್ 2020ರಲ್ಲಿ ಹೊರತಂದ ಪ್ಲೇರೈಟ್ ಎಂಬ, ಬ್ರೌಸರನ್ನು ಸ್ಕ್ರಿಪ್ಟ್ ಮೂಲಕ ನಡೆಸುವ ಉಚಿತ ಓಪನ್ ಸೋರ್ಸ್ ತಂತ್ರಾಂಶ. ಕ್ರೋಮಿಯಂ, ಫೈರ್‌ಫಾಕ್ಸ್, ವೆಬ್‌ಕಿಟ್ ಎಂಬ ಮೂರು ಬಗೆಯ ಬ್ರೌಸರ್‌ಗಳನ್ನೂ ಇದು ನಡೆಸಬಲ್ಲದು. ನಾವು ಬರೆದ ಸ್ಕ್ರಿಪ್ಟ್ ಹತ್ತು ನಿಮಿಷಕ್ಕೊಮ್ಮೆ ಗ್ರಾಹಕರಂತೆಯೇ ಬೆಲ್ಲ ಹುಡುಕಿ, ಬುಟ್ಟಿಗೆ ಹಾಕಿ, ಪಿನ್‌ಕೋಡ್ ಬರೆದು, ಹಣ ಪಾವತಿಯ ಪರೀಕ್ಷಾ ಪುಟದವರೆಗೆ ಹೋಗಿ, ಪ್ರತಿ ಹಂತಕ್ಕೆ ಹಿಡಿದ ಸಮಯವನ್ನು ಬರೆದಿಡುತ್ತದೆ. ಯಾರೂ ಕೊಳ್ಳದ ನಡುರಾತ್ರಿಯಲ್ಲೂ ಯಾರೋ ಒಬ್ಬರು ಕೊಳ್ಳಲು ಯತ್ನಿಸುತ್ತಲೇ ಇರುವುದು ಇಂಥ ಸಿಂಥೆಟಿಕ್ ಪರೀಕ್ಷೆಯ, ಅಂದರೆ ಗ್ರಾಹಕರ ಬದಲು ಸ್ಕ್ರಿಪ್ಟ್ ನಡೆಸುವ ಪರೀಕ್ಷೆಯ, ನಿಜವಾದ ಬಲ.

ನನಗೆ ಅತ್ಯಂತ ಮೆಚ್ಚಿಗೆಯಾದದ್ದು ಪ್ಲೇರೈಟ್‌ನ ಟ್ರೇಸ್ ವ್ಯೂವರ್, ಅಂದರೆ ಪರೀಕ್ಷೆಯ ಹೆಜ್ಜೆಹೆಜ್ಜೆಯ ದಾಖಲೆಯನ್ನು (ಟ್ರೇಸ್) ತೆರೆದು ತೋರಿಸುವ ಸೌಲಭ್ಯ. ಟ್ರೇಸ್ ದಾಖಲಿಸುವಂತೆ ಹೇಳಿಟ್ಟರೆ, ಪರೀಕ್ಷೆ ಸೋತಾಗ ಪ್ರತಿ ಹೆಜ್ಜೆಯಲ್ಲಿ ಪುಟ ಹೇಗಿತ್ತು, ಯಾವ ನೆಟ್‌ವರ್ಕ್ ಕೋರಿಕೆ ಎಷ್ಟು ಹೊತ್ತು ಕಾಯಿತು, ಬ್ರೌಸರ್ ತನ್ನ ಸಂದೇಶಗಳನ್ನು ಬರೆಯುವ ಕನ್ಸೋಲ್‌ನಲ್ಲಿ ಯಾವ ದೋಷ ಬಂತು ಎಂಬುದೆಲ್ಲ ಒಂದೇ ಕಡೆ ಸಿಗುತ್ತದೆ. ಕೊರಿಯರ್ ದರದ ಕೋರಿಕೆ ಸಾಮಾನ್ಯವಾಗಿ ಒಂದು ಸೆಕೆಂಡಿನಲ್ಲಿ ಮುಗಿಯುತ್ತಿದ್ದದ್ದು ಕೆಲವು ರಾತ್ರಿ ಒಂಬತ್ತು ಸೆಕೆಂಡು ಹಿಡಿಯುತ್ತಿದ್ದುದನ್ನು ನಾವು ಕಂಡುಕೊಂಡದ್ದು ಹೀಗೆಯೇ. ದರಗಳನ್ನು ನಮ್ಮಲ್ಲೇ ಉಳಿಸಿಕೊಂಡು ತೋರಿಸಲು ಆರಂಭಿಸಿದ ಮೇಲೆ ಆ ತೊಂದರೆ ತಪ್ಪಿತು.

ಕೊರತೆಗಳೂ ಇವೆ. ಪ್ಲೇರೈಟ್ ಮೂಲತಃ ಪರೀಕ್ಷೆ ಬರೆಯುವ ಸಾಧನವಾದ್ದರಿಂದ ವೇಳಾಪಟ್ಟಿಯನ್ನೂ ಎಚ್ಚರಿಕೆಯ ಸಂದೇಶವನ್ನೂ ನಾವೇ ಜೋಡಿಸಿಕೊಳ್ಳಬೇಕು. ನಿಧಾನದ ನೆಟ್‌ವರ್ಕನ್ನು ಅನುಕರಿಸಲು ನೇರ ಸೌಲಭ್ಯವಿಲ್ಲ. ಕ್ರೋಮಿಯಂನಲ್ಲಿ ಮಾತ್ರ ಅದರ ಡೆವ್‌ಟೂಲ್ಸ್ (ಡೆವಲಪರ್‌ಗಳಿಗಾಗಿ ಬ್ರೌಸರ್‌ನಲ್ಲೇ ಇರುವ ಸಾಧನಗಳು) ಮೂಲಕ ಸುತ್ತುದಾರಿಯಲ್ಲಿ ಮಾಡಬಹುದು. ಗುಂಡಿಯ ಬರಹವನ್ನು ‘ಖರೀದಿಸಿ’ಯಿಂದ ‘ಬುಟ್ಟಿಗೆ ಹಾಕಿ’ ಎಂದು ಬದಲಿಸಿದ ದಿನ, ಅದೇ ಬರಹವನ್ನು ಹುಡುಕುತ್ತಿದ್ದ ನಮ್ಮ ಸ್ಕ್ರಿಪ್ಟ್ ಅಂಗಡಿಯೇ ಮುಚ್ಚಿದೆಯೆಂಬಂತೆ ಕೂಗಿತು. ಸ್ಕ್ರಿಪ್ಟನ್ನು ಜಾಲತಾಣವಿರುವ ಸರ್ವರ್‌ನಲ್ಲೇ ಓಡಿಸಬಾರದೆಂಬುದನ್ನೂ ಒತ್ತಿ ಹೇಳಬೇಕು: ಸರ್ವರ್ ಬಿದ್ದರೆ ಕಾವಲುಗಾರನೂ ಅದರೊಂದಿಗೇ ಬೀಳುತ್ತಾನೆ. ನಮ್ಮದು ಬೇರೊಂದು ಕಂಪನಿಯ ಸಂಪರ್ಕದಲ್ಲಿರುವ ಯಂತ್ರದಲ್ಲಿ ನಡೆಯುತ್ತದೆ.

ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕೆಂಬ ಗೂಗಲ್‌ನ ಎಲ್‌ಸಿಪಿ (ಲಾರ್ಜೆಸ್ಟ್ ಕಂಟೆಂಟ್‌ಫುಲ್ ಪೇಂಟ್) ಮಿತಿಯೊಳಗೆ ನಾವು ಪರೀಕ್ಷೆಯಲ್ಲಿ ಸುಲಭವಾಗಿಯೇ ಇರುತ್ತೇವೆ. ಆದರೆ ಹಳೆಯ ಫೋನಿನಲ್ಲಿ, ಬಸ್ಸಿನಲ್ಲಿ ಕುಳಿತು ಕೊಳ್ಳುವವರ ಅನುಭವ ಈ ಅಂಕಿಯಲ್ಲಿಲ್ಲ; ಅದಕ್ಕೆ ನಿಜವಾದ ಭೇಟಿಗಳ ಅಳತೆಯೇ ಬೇಕು.

ಒಮ್ಮೆ ಸೋತ ಕೂಡಲೇ ಸಂದೇಶ ಕಳಿಸುತ್ತಿದ್ದ ವ್ಯವಸ್ಥೆಯನ್ನು, ಸತತ ಎರಡು ಬಾರಿ ಸೋತರೆ ಮಾತ್ರ ಕಳಿಸುವಂತೆ ಬದಲಿಸಿದ್ದೇವೆ. ಈಗ ನಡುರಾತ್ರಿಯಲ್ಲಿ ಫೋನ್ ಸದ್ದು ಮಾಡಿದರೆ ಅನುಮಾನಪಡದೆ ಎದ್ದು ನೋಡುತ್ತೇನೆ.